ಎಲ್ಲ ನೋಡಿದ, ಒಂದೂ ಕೇಳದ ಯಜಮಾನ

ಇವತ್ತು ನಾನು ಹೇಳಬೇಕೆಂದುಕೊಂಡು ಬಂದದ್ದು ಕ್ಷಮೆಯ ವಿಷಯ. ಅದನ್ನು ಬದಿಗಿಡುತ್ತೇನೆ. ಯಾಕೆಂದರೆ ಬೆಳಿಗ್ಗೆ ಪ್ರಸಾದಕ್ಕೆ ಕೂರುವ ಮೊದಲೇ ಮೂರು ಜನ ನನ್ನನ್ನು ಹುಡುಕಿಕೊಂಡು ಮಠಕ್ಕೆ ಬಂದರು. ಒಬ್ಬರದು ಬಟ್ಟೆ ಅಂಗಡಿ. ಒಬ್ಬರು ಕಾಲೇಜಿನಲ್ಲಿ ಪಾಠ ಹೇಳುವವರು. ಇನ್ನೊಬ್ಬರು ಇಬ್ಬರು ಮಕ್ಕಳ ತಾಯಿ. ಮೂವರೂ ಬೇರೆ ಬೇರೆ ಬಂದರು, ಕೇಳಿದ್ದು ಮಾತ್ರ ಒಂದೇ. ‘ಅಜ್ಜಾರ, ಮಗಳ ಕಂಪ್ಯೂಟರಿನ್ಯಾಗ ಏನ್ ನಡದೈತಿ ಅಂತ ಅಕಿಗೆ ಗೊತ್ತಾಗಲಾರದಂಗ ನಮ್ ಫೋನಿನ್ಯಾಗ ನೋಡೋ ಸಾಫ್ಟ್‌ವೇರ್ ಬಂದೈತಂತ. ಹಾಕ್ಸಿದ್ರ ತಪ್ಪೇನಿಲ್ಲಲ್ರೀ?’

ತಪ್ಪೇನಿಲ್ಲವಲ್ಲ ಎಂದು ಕೇಳುವವರು ಉತ್ತರಕ್ಕೆ ಬರುವುದಿಲ್ಲ, ನೋಡಿ. ಆಶೀರ್ವಾದಕ್ಕೆ ಬರುತ್ತಾರೆ. ಹೊಸ ಗಾಡಿಗೆ ಹಚ್ಚಿದ್ದಾಯಿತು, ಬೋರ್‌ವೆಲ್ಲಿಗೆ ಹಚ್ಚಿದ್ದಾಯಿತು, ಈಗ ಕದ್ದು ನೋಡುವ ಸಾಫ್ಟ್‌ವೇರಿಗೂ ನಾನು ವಿಭೂತಿ ಹಚ್ಚಬೇಕೇ?

ನಗಬೇಡಿ. ನಗುವವರ ಮನೆಯಲ್ಲೂ ಇದೆ ಎಂದು ನನಗೆ ಗೊತ್ತು. ಒಂದು ದೃಷ್ಟಾಂತ ಹೇಳುತ್ತೇನೆ, ಕೇಳಿ.

ಒಂದೂರಿನಲ್ಲಿ ಒಬ್ಬ ಉಳ್ಳವನಿದ್ದ. ರಾಜಮಹಾರಾಜರ ಕಾಲದವನಲ್ಲ. ನಮ್ಮ ಕಾಲದವನೇ, ಕಿಸೆಯಲ್ಲಿ ಎರಡು ಫೋನು ಇಟ್ಟುಕೊಂಡವನೇ. ಮುರಿಗೆಪ್ಪ ಎಂದು ಕರೆಯೋಣ. ಅವನದು ರಕ್ತ ಪರೀಕ್ಷೆ ಮಾಡುವ ಲ್ಯಾಬು. ಊರಿನಲ್ಲಿ ಯಾರಿಗೆ ಜ್ವರ ಬರಲಿ, ಸಕ್ಕರೆ ಬರಲಿ, ಬಸುರಾಗಲಿ, ತೋಳು ಚಾಚುತ್ತಿದ್ದದ್ದು ಅಲ್ಲಿಯೇ. ಕೆಟ್ಟವನೇ? ಅಲ್ಲ. ಬಡವರು ಬಂದರೆ ಕೈ ಬಿಡುತ್ತಿರಲಿಲ್ಲ. ಮಠಕ್ಕೂ ಬರುತ್ತಿದ್ದ. ಕೆಟ್ಟವನಾಗಿದ್ದರೆ ನಾನು ಈ ಕಥೆ ಹೇಳುತ್ತಲೇ ಇರಲಿಲ್ಲ. ಕೆಟ್ಟವರ ಕಥೆ ಹೇಳಿದರೆ ನೀವೆಲ್ಲ ‘ನಮಗಲ್ಲ ಬಿಡು’ ಎಂದು ಆರಾಮಾಗಿ ಕೂರುತ್ತೀರಿ.

ಅವನ ಲ್ಯಾಬಿನಲ್ಲಿ ನಿಂಬೆಕ್ಕ ಎಂಬ ಹೆಣ್ಣುಮಗಳು ಹತ್ತೊಂಬತ್ತು ವರ್ಷದಿಂದ ಕೆಲಸಕ್ಕಿದ್ದಳು. ರಕ್ತ ತೆಗೆದರೆ ಇರುವೆ ಕಚ್ಚಿದಷ್ಟೂ ನೋವಾಗದು, ಅಂಥ ಕೈ. ರಕ್ತದ ಕಣಗಳನ್ನು ಎಣಿಸುವುದಕ್ಕೆ ದೊಡ್ಡ ಯಂತ್ರ ಬಂದಿತ್ತು. ಯಂತ್ರ ಎಣಿಸುತ್ತಿತ್ತು, ಅಂಕಿ ಕಂಪ್ಯೂಟರಿಗೆ ಬೀಳುತ್ತಿತ್ತು. ಆದರೆ ಅಂಕಿ ಸ್ವಲ್ಪ ವಿಚಿತ್ರ ಕಂಡರೆ ನಿಂಬೆಕ್ಕ ಕಂಪ್ಯೂಟರ್ ಬಿಟ್ಟು ಏಳುತ್ತಿದ್ದಳು. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಎಳೆದು, ಬಣ್ಣ ಹಾಕಿ, ಒಣಗಿಸಿ, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಕೂರುತ್ತಿದ್ದಳು. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದೂ ಅಲ್ಲ. ತನ್ನ ಸಮಾಧಾನಕ್ಕೆ ನೋಡುತ್ತಿದ್ದಳು. ಹಾಗೆ ನೋಡಿ ನೋಡಿಯೇ ಎಷ್ಟೋ ಮನೆಗಳ ದೀಪ ಉಳಿಸಿದ್ದಳು.

ಮುರಿಗೆಪ್ಪನ ಮನೆಯಲ್ಲಿ ಹೆಂಡತಿ ಕಸ್ತೂರಿ, ಒಬ್ಬಳೇ ಮಗಳು ದಾನೇಶ್ವರಿ. ಮಗಳು ಬಿ.ಎಸ್‌ಸಿ. ಕೊನೆಯ ವರ್ಷ. ಪರೀಕ್ಷೆ ಹತ್ತಿರ ಬಂದಿತ್ತು.

ಹೀಗಿರುವಾಗ ಮುರಿಗೆಪ್ಪ ಪಕ್ಕದ ಜಿಲ್ಲೆಯಲ್ಲಿ ಇನ್ನೊಂದು ಲ್ಯಾಬು ತೆರೆದ. ವಾರದಲ್ಲಿ ಐದು ದಿನ ಅಲ್ಲಿ. ಅಲ್ಲಿ ಕೂತವನಿಗೆ ಇಲ್ಲಿಯ ಚಿಂತೆ. ನಾನಿಲ್ಲದಾಗ ಏನು ಮಾಡುತ್ತಾರೋ, ಹರಟೆ ಹೊಡೆಯುತ್ತಾರೋ, ಮಗಳು ಓದುತ್ತಾಳೋ ಇಲ್ಲವೋ. ಈ ಚಿಂತೆಯ ವಾಸನೆ ಹಿಡಿದು ಒಬ್ಬ ಮಾರಾಟಗಾರ ಬಂದ. ಟೈ ಕಟ್ಟಿಕೊಂಡಿದ್ದ. ‘ಸಾಹೇಬ್ರ, ನೀವು ಕಾಶಿಯೊಳಗ ಗಂಗಾಸ್ನಾನ ಮಾಡಾಕತ್ತಿದ್ರೂ ಇಲ್ಲಿ ಯಾರು ಯಾವ ಬಟನ್ ಒತ್ತಿದ್ರು ಅಂತ ನಿಮಗ ಕಾಣ್ತೈತ್ರಿ’ ಎಂದ. ಐದು ನಿಮಿಷಕ್ಕೊಮ್ಮೆ ಪರದೆಯ ಚಿತ್ರ ಬರುತ್ತದೆ. ಕೀಲಿ ಒತ್ತುತ್ತಿದ್ದರೆ, ಮೌಸ್ ಆಡಿಸುತ್ತಿದ್ದರೆ ಹೆಸರಿನ ಮುಂದೆ ಹಸಿರು ಗೆರೆ, ಸುಮ್ಮನಿದ್ದರೆ ಕೆಂಪು ಗೆರೆ.

‘ಅವರಿಗೆ ಗೊತ್ತಾಗ್ತೈತೇನು?’ ಎಂದು ಕೇಳಿದ ಮುರಿಗೆಪ್ಪ.

‘ಸುಳಿವೂ ಸಿಗಂಗಿಲ್ರಿ.’

ಕೇಳಿದ್ದು ಅದೊಂದೇ ಪ್ರಶ್ನೆ, ನೋಡಿ! ಏನು ಕಾಣುವುದಿಲ್ಲ ಎಂದು ಕೇಳಲಿಲ್ಲ. ಕಂಡದ್ದನ್ನು ಏನು ಮಾಡಬೇಕು ಎಂದು ಕೇಳಲಿಲ್ಲ. ಗೊತ್ತಾಗುವುದಿಲ್ಲ ಎಂದ ಮೇಲೆ ಸಂತೋಷವಾಯಿತು, ಲ್ಯಾಬಿನ ಮೂರೂ ಕಂಪ್ಯೂಟರಿಗೆ ಹಾಕಿಸಿದ. ಮಗಳ ಲ್ಯಾಪ್‌ಟಾಪನ್ನು ‘ಸ್ಲೋ ಆಗೈತಿ, ರಿಪೇರಿ ಮಾಡಿಸ್ಕೊಂಡ್ ಬರ್ತೀನಿ’ ಎಂದು ತೆಗೆದುಕೊಂಡು ಹೋಗಿ ಅದಕ್ಕೂ ಹಾಕಿಸಿದ. ಹೆತ್ತ ಮಗಳಿಗೆ ಸುಳ್ಳು ಹೇಳಿ ಅವಳು ಸುಳ್ಳು ಹೇಳುತ್ತಾಳೋ ಎಂದು ಪರೀಕ್ಷಿಸಲು ಹೊರಟ. ಎಂಥ ಬುದ್ಧಿವಂತಿಕೆ!

ಒಂದು ವಾರ ಕಳೆಯಿತು. ಫೋನು ತೆರೆದರೆ ನಿಂಬೆಕ್ಕನ ಹೆಸರಿನ ಮುಂದೆ ದಿನಕ್ಕೆ ಎರಡು ತಾಸು ಕೆಂಪು. ಮುಂದಿನ ಮೇಜಿನಲ್ಲಿ ಕೂತು ಚೀಟಿ ಬರೆಯುವ ಗುಮಾಸ್ತ ಈರಣ್ಣ ಮಾತ್ರ ಬೆಳಿಗ್ಗೆಯಿಂದ ಸಂಜೆಯ ತನಕ ಹಸಿರೋ ಹಸಿರು. ಯಾಕೆ ಗೊತ್ತೇ? ಹೊಸದೇನೋ ಹಾಕಿದ್ದಾರೆಂದು ಈರಣ್ಣ ಎರಡನೆಯ ದಿನವೇ ಪತ್ತೆ ಹಚ್ಚಿದ್ದ. ಅತ್ತ ಇತ್ತ ತಿರುಗುವ ಟೇಬಲ್ ಫ್ಯಾನಿಗೆ ಮೌಸನ್ನು ದಾರದಿಂದ ಕಟ್ಟಿ, ತಾನು ಎದುರಿನ ಅಂಗಡಿಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂರುತ್ತಿದ್ದ. ಆ ವಾರ ಮೆಚ್ಚುಗೆ ಸಿಕ್ಕಿದ್ದು ಯಾರಿಗೆ? ಈರಣ್ಣನಿಗೆ. ಅಲ್ಲ, ತಪ್ಪಿದೆ. ಟೇಬಲ್ ಫ್ಯಾನಿಗೆ.

ಶನಿವಾರ ಊರಿಗೆ ಬಂದ ಮುರಿಗೆಪ್ಪ ಎಲ್ಲರ ಗೆರೆಗಳನ್ನು ಹಾಳೆಯ ಮೇಲೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ. ನಿಂಬೆಕ್ಕನನ್ನು ಎಲ್ಲರ ಮುಂದೆ ಕರೆದ.

‘ಏನಿದು? ಎರಡು ತಾಸು ಎಲ್ಲಿಗೆ ಹೋಗಿರ್ತಿ ದಿನಾ?’

‘ಎಲ್ಲಿಗೂ ಹೋಗಿರಂಗಿಲ್ರಿ. ಮೈಕ್ರೋಸ್ಕೋಪ್ ಮುಂದ ಕುಂತಿರ್ತೀನಿ. ಅದು ನಿಮ್ ಕಂಪ್ಯೂಟರಿಗೆ ಹೆಂಗ ಗೊತ್ತಾಗಬೇಕ್ರಿ?’

‘ಯಂತ್ರ ಎಣಸ್ತೈತಲ್ಲ. ಮತ್ತ ನೀ ಯಾಕ ನೋಡ್ತಿ?’

‘ಯಂತ್ರ ಎಷ್ಟು ಅಂತ ಹೇಳ್ತೈತ್ರಿ. ಯಾಕ ಅಂತ ಹೇಳಂಗಿಲ್ಲ.’

‘ಎದುರುತ್ತರ ಬ್ಯಾಡ. ನಾಳಿಂದ ಕೆಂಪು ಕಾಣಬಾರ್ದು ನನಗ.’

ನಿಂಬೆಕ್ಕ ಗೋಡೆಯ ಮೇಲಿನ ಹಾಳೆಯನ್ನೊಮ್ಮೆ ನೋಡಿದಳು. ಮೊನ್ನೆ ಮೊನ್ನೆ ಸೇರಿದ ಹುಡುಗಿಯರ ಎದುರು ಹತ್ತೊಂಬತ್ತು ವರ್ಷದ ದುಡಿಮೆಗೆ ಕೆಂಪು ಬಳಿದಿದ್ದರು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅವಳೊಂದು ತೀರ್ಮಾನ ಮಾಡಿದಳು: ಹಸಿರು ಬೇಕೇ ಇವರಿಗೆ? ಕೊಡೋಣ. ಅಂದಿನಿಂದ ಕುರ್ಚಿ ಬಿಟ್ಟು ಏಳಲಿಲ್ಲ. ಯಂತ್ರ ಕೊಟ್ಟ ಅಂಕಿಯನ್ನು ಹಾಗೆಯೇ ಅಚ್ಚು ಹಾಕಿ ಕೊಟ್ಟಳು. ಗಾಜಿನ ಪಟ್ಟಿಗಳ ಡಬ್ಬಿಯ ಮೇಲೆ ಧೂಳು ಕೂತಿತು. ಗೆರೆ ಹಸಿರಾಯಿತು. ಯಜಮಾನನಿಗೆ ಪರಮಾನಂದ!

ಮೂರು ವಾರದ ನಂತರ ಒಂದು ಸೋಮವಾರ ಮಧ್ಯಾಹ್ನ ಕಸ್ತೂರಿಗೆ ಚಳಿ ಹತ್ತಿತು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಆಮೇಲೆ ಸುಡು ಜ್ವರ, ಆಮೇಲೆ ಬೆವರು. ಮಂಗಳವಾರ ಎದ್ದು ಓಡಾಡಿದಳು, ರೊಟ್ಟಿಯನ್ನೂ ಬಡಿದಳು. ಹತ್ತಿರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಎಂದರು. ರಕ್ತ ಹೋದದ್ದು ಎಲ್ಲಿಗೆ? ಸ್ವಂತ ಲ್ಯಾಬಿಗೆ. ಯಂತ್ರ ಎಣಿಸಿತು, ಪ್ಲೇಟ್‌ಲೆಟ್ ಕಡಿಮೆ ಎಂದಿತು. ಮೊದಲಿನ ನಿಂಬೆಕ್ಕನಾಗಿದ್ದರೆ ಆ ಅಂಕಿ ನೋಡಿದ ಕೂಡಲೇ ಏಳುತ್ತಿದ್ದಳು. ಕೈ ಡಬ್ಬಿಯ ಕಡೆಗೆ ಹೋಯಿತಂತೆ. ಗೋಡೆಯ ಹಾಳೆ ಕಣ್ಣಿಗೆ ಬಿತ್ತಂತೆ. ಕೈ ಹಿಂದೆ ಬಂತಂತೆ. ಅಂಕಿಯಷ್ಟೇ ಅಚ್ಚಾಗಿ ಹೋಯಿತು. ಊರಲ್ಲಿ ಆಗ ಡೆಂಗ್ಯೂ ಓಡಾಡುತ್ತಿತ್ತು. ಡಾಕ್ಟರು ಅಂಕಿ ನೋಡಿ, ಅದೇ ಇರಬೇಕು, ನೀರು ಕುಡಿದು ಮಲಗಲಿ ಎಂದರು. ‘ಡಾಕ್ಟರ್ ಹೇಳ್ಯಾರಲ್ಲ, ಆರಾಮ ಆಗ್ತೈತಿ’ ಎಂದ ಮುರಿಗೆಪ್ಪ ಫೋನಿನಲ್ಲಿ.

ಬುಧವಾರ ಮಧ್ಯಾಹ್ನ ಮೂರಕ್ಕೆ ಮತ್ತೆ ಅದೇ ಚಳಿ. ಪಕ್ಕದಲ್ಲಿ ಕೂತು ಕಾಲು ತಿಕ್ಕುತ್ತಿದ್ದ ದಾನೇಶ್ವರಿಗೆ ಅನುಮಾನ ಬಂತು. ಸೋಮವಾರವೂ ಮೂರೇ ಗಂಟೆ. ನಿನ್ನೆ ಇಲ್ಲವೇ ಇಲ್ಲ. ತಾಯಿ ಬೆವರಿ ನಿದ್ದೆ ಹೋದ ಮೇಲೆ ಲ್ಯಾಪ್‌ಟಾಪ್ ತೆರೆದಳು. ‘ಒಂದು ದಿನ ಬಿಟ್ಟು ಒಂದು ದಿನ ಅದೇ ಹೊತ್ತಿಗೆ ಚಳಿ ಜ್ವರ ಯಾಕೆ ಬರುತ್ತದೆ’ ಎಂದು ಬರೆದು ಹುಡುಕಿದಳು.

ಇನ್ನು ನೋಡಿ ತಮಾಷೆ. ತಮಾಷೆ ಎನ್ನಬೇಕೋ, ಹಣೆ ಚಚ್ಚಿಕೊಳ್ಳಬೇಕೋ! ಅದೇ ಹೊತ್ತಿಗೆ ಪಕ್ಕದ ಜಿಲ್ಲೆಯಲ್ಲಿ ಕೂತ ಮುರಿಗೆಪ್ಪನ ಫೋನಿನಲ್ಲಿ ಆ ಪರದೆಯ ಚಿತ್ರ ಬಂತು. ಇಡೀ ರೋಗ ಅಲ್ಲಿ ಒಂದು ಸಾಲಿನಲ್ಲಿತ್ತು. ಅವನ ಅಂಗೈಯಲ್ಲೇ ಇತ್ತು. ರಕ್ತದ ಲ್ಯಾಬಿನ ಯಜಮಾನ, ಇಪ್ಪತ್ತು ವರ್ಷ ಇದೇ ಕಸುಬು ಮಾಡಿದವನು, ಆ ಸಾಲನ್ನು ಓದಿದ. ಓದಿ ಏನು ಮಾಡಿದ? ಮಗಳಿಗೆ ಫೋನು ಹಚ್ಚಿದ.

‘ಪರೀಕ್ಷಾ ಇಟಗೊಂಡು ಜ್ವರದ್ದ ಓದಾಕತ್ತೀಯಲ್ಲ? ಪುಸ್ತಕ ಮುಟ್ಟಿ ಎರಡ್ ತಾಸಾತು. ನೀ ಏನ್ ಡಾಕ್ಟರೇನು?’

ದಾನೇಶ್ವರಿ ಎದುರಿನ ಪರದೆಯನ್ನೊಮ್ಮೆ ನೋಡಿದಳು. ಆಮೇಲೆ ಕೇಳಿದಳು: ‘ಅಪ್ಪಾ, ನಾ ಏನ್ ಓದಾಕತ್ತೀನಿ ಅಂತ ನಿಮಗ ಹೆಂಗ ಗೊತ್ತಾತು?’

‘ನಿನ್ನ ಒಳ್ಳೇದಕ್ಕ ಮಾಡೀನಿ’ ಎಂದ ಮುರಿಗೆಪ್ಪ.

ನಿನ್ನ ಒಳ್ಳೆಯದಕ್ಕೆ! ಈ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಬಾಗಿಲ ಸಂದಿಯಲ್ಲಿ ಕಣ್ಣಿಡುವವನೂ ಇದನ್ನೇ ಹೇಳುತ್ತಾನೆ. ದಾನೇಶ್ವರಿ ಫೋನು ಇಟ್ಟಳು. ಲ್ಯಾಪ್‌ಟಾಪ್ ಮುಚ್ಚಿದಳು, ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ಎರಡು ವರ್ಷದಿಂದ ಅದರಲ್ಲಿ ಅವಳು ಏನೇನು ಬರೆದುಕೊಂಡಿದ್ದಳೋ, ಯಾವ ಗೆಳತಿಯ ಹತ್ತಿರ ಏನು ಹೇಳಿ ಅತ್ತಿದ್ದಳೋ, ಅದನ್ನೆಲ್ಲ ಅಪ್ಪ ಓದಿರಬಹುದೆಂದು ನೆನೆದು ಮೈಯೆಲ್ಲ ಮುಳ್ಳೆದ್ದಿತು. ಅಂದಿನಿಂದ ಅಪ್ಪ ಫೋನು ಮಾಡಿದರೆ ‘ಹೂಂ’, ‘ಹಾಂ’, ‘ಉಂಡ್ವಿ’. ಮೂರೇ ಮಾತು. ಶುಕ್ರವಾರ ಮೂರು ಗಂಟೆಗೆ ಮತ್ತೆ ಚಳಿ ಬಂದದ್ದನ್ನು ಅವಳು ಹೇಳಲಿಲ್ಲ. ಕಸ್ತೂರಿಯೂ ಹೇಳಲಿಲ್ಲ, ಗಂಡ ಕೆಲಸದಲ್ಲಿದ್ದಾನೆ, ಯಾಕೆ ಸುಮ್ಮನೆ ಗಾಬರಿಪಡಿಸುವುದು ಎಂದು. ಎಷ್ಟು ಕಣ್ಣುಗಳಿದ್ದವು ಅವನಿಗೆ! ಮನೆಯಲ್ಲೊಂದು, ಲ್ಯಾಬಿನಲ್ಲಿ ಮೂರು. ಹೆಂಡತಿ ಹಾಸಿಗೆಯಲ್ಲಿ ನಡುಗುವುದು ಒಂದಕ್ಕೂ ಕಾಣಲಿಲ್ಲ. ಹಾಸಿಗೆಗೆ ಕೀಬೋರ್ಡ್ ಇಲ್ಲವಲ್ಲ!

ಹೊಸ ಲ್ಯಾಬಿನ ಕೆಲಸವೆಂದು ಆ ಶನಿವಾರ ಮುರಿಗೆಪ್ಪ ಊರಿಗೆ ಬರಲಿಲ್ಲ. ಭಾನುವಾರದ ಚಳಿ ಕಸ್ತೂರಿಯನ್ನು ಅಡುಗೆಮನೆಯ ನೆಲಕ್ಕೆ ಕೆಡವಿತು. ಸೋಮವಾರ ಬೆಳಿಗ್ಗೆ ಕಣ್ಣು ಹಳದಿ, ಮಾತು ತೊದಲು. ಮಗಳನ್ನು ಸತ್ತುಹೋದ ತನ್ನ ತಂಗಿಯ ಹೆಸರಿನಿಂದ ಕರೆದಳು. ದಾನೇಶ್ವರಿ ಅಪ್ಪನಿಗೆ ಫೋನು ಮಾಡಲಿಲ್ಲ, ನೋಡಿ. ಮಾಡಬೇಕೆಂದು ಅನ್ನಿಸಲೇ ಇಲ್ಲವಂತೆ ಅವಳಿಗೆ. ಆಟೋ ಕರೆದು ತಾಯಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಸೀದಾ ಲ್ಯಾಬಿಗೆ ಹೋಗಿ ನಿಂಬೆಕ್ಕನ ಕೈ ಹಿಡಿದಳು.

‘ನಿಂಬೆಕ್ಕಾ, ಡೆಂಗ್ಯೂ ಅಲ್ಲಿದು. ಒಂದಿನ ಬಿಟ್ಟು ಒಂದಿನ ಬರಾಕತ್ತೈತಿ. ಮೂರಕ್ಕಂದ್ರ ಮೂರಕ್ಕ. ನಾ ಬರಕೊಂಡೀನಿ ನೋಡು.’

ನಿಂಬೆಕ್ಕನ ಮುಖ ಬಿಳಿಚಿತು. ‘ಎಷ್ಟ್ ದಿನಾತು?’

‘ಎಂಟು ದಿನ.’

‘ಅಯ್ಯ ಶಿವನೇ, ನನಗ ಯಾಕ ಹೇಳಲಿಲ್ಲವ್ವಾ? ನಾನರ ಯಾಕ ನೋಡಲಿಲ್ಲ?’

ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಡಬ್ಬಿಯ ಧೂಳು ಕೊಡವಿ ಗಾಜಿನ ಪಟ್ಟಿ ತೆಗೆದಳು. ಒಂದು ಹನಿ ಎಳೆದಳು, ಬಣ್ಣ ಹಾಕಿದಳು, ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಐದು ನಿಮಿಷ, ಹತ್ತು ನಿಮಿಷ. ಮುರಿಗೆಪ್ಪನ ಫೋನಿನಲ್ಲಿ ಹಸಿರು ಹೋಗಿ ಕೆಂಪು ಬಂತು. ಅವನು ಕಾದ. ಅರ್ಧ ತಾಸಾಯಿತು, ಕೆಂಪು ಆರಲಿಲ್ಲ. ಲ್ಯಾಬಿಗೆ ಫೋನು ಹಚ್ಚಿದ. ಹುಡುಗಿಯೊಬ್ಬಳು ಫೋನನ್ನು ಸ್ಪೀಕರಿಗೆ ಹಾಕಿ ನಿಂಬೆಕ್ಕನ ಪಕ್ಕದಲ್ಲಿ ಇಟ್ಟಳು.

‘ಅರ್ಧ ತಾಸಿನಿಂದ ಕೆಂಪೈತಿ ನಿಂದು! ಎಷ್ಟ್ ಸಲ ಹೇಳ್ಬೇಕು? ಏನ್ ನೋಡ್ಕೋತ ಕುಂತೀ?’

ನಿಂಬೆಕ್ಕ ಮಸೂರದಿಂದ ಕಣ್ಣು ತೆಗೆಯಲಿಲ್ಲ. ಹೇಳಿದಳು: ‘ನಿಮ್ ಮನಿಯವರ ರಕ್ತ ನೋಡಾಕತ್ತೀನ್ರಿ. ಅದು ಕೆಂಪ ಇರತೈತ್ರಿ.’

ಈರಣ್ಣನ ಟೇಬಲ್ ಫ್ಯಾನು ಅತ್ತ ಇತ್ತ ತಿರುಗುತ್ತಿತ್ತು.

‘ಮಲೇರಿಯಾ ಐತ್ರಿ. ಹುಳ ತುಂಬ್ಯಾವ. ಎಂಟು ದಿನ ಆಗೇತಿ. ಗಾಡಿ ಕರಸ್ಯಾಳ ನಿಮ್ ಮಗಳು, ಹುಬ್ಬಳ್ಳಿಗೆ ಒಯ್ತೀವಿ. ನೀವು ಅಲ್ಲಿಗೇ ಬರ್ರಿ.’

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು: ಕಿಡ್ನಿ ಸೋಲತೊಡಗಿದೆ, ನಾಳೆ ತಂದಿದ್ದರೆ ನಾವು ಏನೂ ಹೇಳಲಾಗುತ್ತಿರಲಿಲ್ಲ. ಒಂಬತ್ತು ದಿನ ಕಸ್ತೂರಿ ಐ.ಸಿ.ಯು. ಎಂಬ ಗಾಜಿನ ಕೋಣೆಯೊಳಗಿದ್ದಳು. ಬದುಕಿದಳು. ಬದುಕಿದ್ದಾಳೆ. ಆದರೆ ಆ ಮೊದಲ ದಿನ, ಬದುಕುವಳೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ, ಹೊರಗಿನ ಬೆಂಚಿನ ಮೇಲೆ ನಡೆದ ಮಾತು ಕೇಳಿ.

ಮುರಿಗೆಪ್ಪ ಮಗಳಿಗೆ ಹೇಳಿದ: ‘ನನಗ ಒಂದ್ ಮಾತು ಹೇಳಬೇಕಿಲ್ಲೇನು?’

‘ಬುಧವಾರ ನಾ ಬರದದ್ದು ನೀವು ನೋಡಿದ್ರಲ್ಲಪ್ಪಾ?’

‘ನೋಡಿದ್ದೆ.’

‘ಯಾಕ ಹುಡುಕಾಕತ್ತೀ ಮಗಳ ಅಂತ ಕೇಳಿದ್ರೇನು?’

ನೀವು ಹೇಳಿ, ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯೇ? ಅವನು ನಿಂಬೆಕ್ಕನ ಕಡೆ ತಿರುಗಿದ. ‘ನೀ ಅವತ್ತ ನೋಡಬೇಕಿತ್ತು ನಿಂಬೆಕ್ಕಾ’ ಎಂದ. ಅವಳು ಜಾರಿಕೊಳ್ಳಲಿಲ್ಲ. ‘ಹೌದ್ರಿ, ನೋಡಬೇಕಿತ್ತು. ನೀವು ಬೈದ್ರಿ ಅಂತ ಸೇಡಿಗೆ ಬಿಟ್ಟೆ. ಅದು ನನ್ನ ಪಾಪ, ನಾ ಹೊರ್ತೀನಿ. ನಿಮ್ದು ನೀವು ಹೊರ್ರಿ’ ಎಂದಳು.

ಮುರಿಗೆಪ್ಪ ಅಲ್ಲಿಯೇ ಕೂತು ಅತ್ತ. ಊರಿಗೆ ಬಂದು ಗೋಡೆಯ ಹಾಳೆಯನ್ನು ತಾನೇ ಕೈಯಾರೆ ಹರಿದ. ರೋಗಿಗಳ ವರದಿ ಇರುವ ಒಂದು ಕಂಪ್ಯೂಟರಿನಲ್ಲಿ ಮಾತ್ರ ಕಾವಲು ಉಳಿಸಿದ. ಬೇರೆಯವರ ರೋಗದ ಗುಟ್ಟು ಹೊರಗೆ ಹೋಗಬಾರದಲ್ಲ, ಅದು ಸರಿಯೇ. ಎಲ್ಲರನ್ನೂ ಕೂರಿಸಿ ಏನು ದಾಖಲಾಗುತ್ತದೆ, ಯಾರು ನೋಡುತ್ತಾರೆ, ಯಾಕೆ ಎಂದು ತಿಳಿಸಿದ. ಯಾರೂ ಬೇಸರಪಡಲಿಲ್ಲ. ಉಳಿದದ್ದನ್ನೆಲ್ಲ ತೆಗೆಸಿದ. ಮಗಳ ಲ್ಯಾಪ್‌ಟಾಪಿನಿಂದಲೂ ತೆಗೆಸಿ, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಇಟ್ಟ.

‘ತಗಸೀನಿ ಮಗಳ.’

‘ಹಾಕಿಸಿದಾಗೂ ನನಗ ಗೊತ್ತಾಗಲಿಲ್ಲ’ ಎಂದಳು ದಾನೇಶ್ವರಿ. ‘ತಗಸೀರಿ ಅನ್ನೋದು ಹೆಂಗ ಗೊತ್ತಾಗಬೇಕು?’

ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಎಲ್ಲರೂ ತಬ್ಬಿಕೊಂಡರು, ಸುಖವಾಗಿದ್ದರು ಎಂದು ಹೇಳಿ ಮಂಗಳಾರತಿ ಎತ್ತಲೇ? ಇಲ್ಲ. ಒಂದು ವರ್ಷ ಮೇಲಾಯಿತು. ದಾನೇಶ್ವರಿ ಪರೀಕ್ಷೆ ಪಾಸಾದಳು, ಮುಂದಕ್ಕೂ ಓದುತ್ತಿದ್ದಾಳೆ. ಅಪ್ಪನಿಗೆ ಊಟ ಬಡಿಸುತ್ತಾಳೆ, ಮಾತಾಡುತ್ತಾಳೆ, ಒಮ್ಮೊಮ್ಮೆ ನಗುತ್ತಾಳೆ ಕೂಡ. ಆದರೆ ಏನಾದರೂ ಬರೆಯುವುದಿದ್ದರೆ ಇವತ್ತಿಗೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ, ಅದನ್ನು ನಿಂಬೆಕ್ಕನ ಮನೆಯಲ್ಲಿ ಇಟ್ಟು ಬರುತ್ತಾಳೆ. ತಂದೆಗೆ ಅದು ಗೊತ್ತು. ಕೇಳುವ ಮುಖ ಅವನಿಗಿಲ್ಲ.

ಸಾಫ್ಟ್‌ವೇರ್ ಹಾಕಲು ಅರ್ಧ ಗಂಟೆ ಸಾಕಾಗಿತ್ತು, ತೆಗೆಯಲು ಅಷ್ಟೂ ಬೇಡವಾಗಿತ್ತು. ಒಳಗೆ ಮುರಿದದ್ದಕ್ಕೆ ರಿಪೇರಿ ಅಂಗಡಿ ಯಾವುದಿದೆ? ಯಾರಿಗಾದರೂ ವಿಳಾಸ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲವಲ್ಲ? ಹಾಗಾದರೆ ಯಾಕೆ ಬೆಳಿಗ್ಗೆ ಎದ್ದು ನನ್ನ ಜೀವ ತಿನ್ನುತ್ತೀರಿ!

ಸಣ್ಣ ಮಕ್ಕಳನ್ನು ಕಾಯಬಾರದೇ ಎಂದು ನೀವು ಕೇಳುತ್ತೀರಿ. ಕಾಯಿರಿ, ಯಾರು ಬೇಡ ಎಂದರು? ಹತ್ತು ವರ್ಷದ ಕೂಸಿಗೆ ಬೇಲಿ ಬೇಕು. ಆದರೆ ಬೇಲಿ ಎಂದರೆ ಕಣ್ಣಿಗೆ ಕಾಣುವಂಥದ್ದು. ‘ಇಲ್ಲಿ ಬೇಲಿ ಇದೆ, ನಿನಗಾಗಿ ಹಾಕಿದ್ದೇನೆ, ದೊಡ್ಡವನಾದಂತೆ ತೆಗೆಯುತ್ತೇನೆ’ ಎಂದು ಬಾಯಿ ಬಿಟ್ಟು ಹೇಳಿ. ಕಾಣದಂತೆ ಹಾಕಿದ್ದಕ್ಕೆ ಬೇಲಿ ಎನ್ನುವುದಿಲ್ಲ, ಉರುಲು ಎನ್ನುತ್ತಾರೆ. ಬೇಟೆಗಾರರು ಹಾಕುತ್ತಾರೆ ಅದನ್ನು, ತಂದೆತಾಯಿಗಳಲ್ಲ.

ಅಂಗಡಿ, ಕಾರ್ಖಾನೆ, ಕಚೇರಿ ನಡೆಸುವವರು ಎಷ್ಟು ಜನ ಇದ್ದೀರಿ ಇಲ್ಲಿ? ನಾಳೆ ಹೋಗಿ ನಿಮ್ಮ ಆಳುಗಳನ್ನು ಕೂರಿಸಿ, ಯಾವ ಕಂಪ್ಯೂಟರಿನಲ್ಲಿ ಏನು ನೋಡುತ್ತೀರಿ ಎಂದು ಹೇಳಿ. ಹೇಳಲು ನಾಲಿಗೆ ಏಳದಿದ್ದರೆ ಅದನ್ನು ಅಂದೇ ತೆಗೆಯಿರಿ. ನಾಲಿಗೆಗೆ ನಾಚಿಕೆಯಾಗುವ ಕೆಲಸ ಕಣ್ಣಿಗೆ ಯಾಕೆ? ಆಮೇಲೆ ಒಬ್ಬೊಬ್ಬರ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತು, ‘ನಿನ್ನ ಕೆಲಸದಲ್ಲಿ ನನಗೆ ಕಾಣದೆ ಇರುವುದು ಏನು?’ ಎಂದು ಕೇಳಿ. ಮೊದಲ ದಿನ ಯಾರೂ ಹೇಳುವುದಿಲ್ಲ. ಮರುದಿನವೂ ಕೂತು ಕೇಳಿ.

ದುಡಿಯುವವರೇ, ನೀವು ಹಿಂದೆ ಕೂತು ಮುಸಿಮುಸಿ ನಗುತ್ತಿದ್ದೀರಲ್ಲ, ನಿಮಗೂ ಇದೆ. ಫ್ಯಾನಿಗೆ ಮೌಸ್ ಕಟ್ಟಿದವನನ್ನು ಜಾಣ ಎಂದು ಮೆಚ್ಚಿಕೊಂಡಿರಿ. ಯಜಮಾನ ಅವಮಾನ ಮಾಡಿದ ಎಂದು ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ಏಟು ಬೀಳುವುದು ಯಜಮಾನನಿಗಲ್ಲ, ತೋಳು ಚಾಚಿ ಕೂತವನಿಗೆ. ಜಗಳ ಆಡಿ, ಕೆಲಸ ಬಿಡಿ, ಬೇಕಾದರೆ ನನ್ನ ಹತ್ತಿರ ಬಂದು ಯಜಮಾನನನ್ನು ಬೈಯಿರಿ. ಕೈಗೆ ಬಂದ ಕೆಲಸಕ್ಕೆ ಮಾತ್ರ ದ್ರೋಹ ಮಾಡಬೇಡಿ.

ಇನ್ನು ಬೆಳೆದ ಮಕ್ಕಳ ಕೋಣೆಗೆ ಕಳ್ಳಗಣ್ಣು ಇಟ್ಟವರು. ನೀವು ಯಾರೆಂದು ನಾನು ಕೇಳುವುದಿಲ್ಲ, ಕೈ ಎತ್ತಬೇಡಿ. ಮನೆಗೆ ಹೋಗಿ, ಇಂಥದ್ದು ಮಾಡಿದ್ದೆ, ತಪ್ಪಾಯಿತು ಎಂದು ಮಕ್ಕಳ ಮುಂದೆ ನೀವಾಗಿಯೇ ಹೇಳಿ. ಅವರು ಬೈದರೆ ಬೈಸಿಕೊಳ್ಳಿ. ಅವರೇ ಯಾರನ್ನಾದರೂ ಕರೆಸಿ ಅದನ್ನು ತೆಗೆಸಲಿ, ನೀವು ಮುಟ್ಟಬೇಡಿ. ನಾಳೆಯಿಂದ ಅವರ ಬಗ್ಗೆ ಏನಾದರೂ ತಿಳಿಯಬೇಕಾದರೆ ಇರುವುದು ಒಂದೇ ದಾರಿ. ಹೋಗಿ ಬಾಗಿಲು ತಟ್ಟಿ. ಒಳಗಿನಿಂದ ‘ಬಾ’ ಎನ್ನುವ ತನಕ ಹೊರಗೆ ನಿಂತಿರಿ. ಬೇಗ ಅನ್ನುವುದಿಲ್ಲ ಅವರು, ಈಗಲೇ ಹೇಳಿಬಿಡುತ್ತೇನೆ. ಕಾಲು ನೋಯುತ್ತದೆ. ನೋಯಲಿ. ನಿಲ್ಲಿ.